ಪ್ರಿಂಟರಿನ ಆಯ್ಕೆಗಳು ಎಲ್ಲಿ ಹೋದವು?

ಪೂರ್ವಸಿದ್ಧತಾ ಪರೀಕ್ಷೆಯ ಪ್ರಶ್ನೆಪತ್ರಿಕೆ ಮುದ್ರಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ನಾಲ್ಕು ಪುಟಗಳ ಪತ್ರಿಕೆ, 120 ವಿದ್ಯಾರ್ಥಿಗಳು. ನಿಮ್ಮ ಕಾಲೇಜಿನ ಲೇಸರ್ ಪ್ರಿಂಟರು ಹಾಳೆಯ ಎರಡೂ ಬದಿಗೆ ತಾನೇ ಮುದ್ರಿಸಬಲ್ಲದು. ಕಳೆದ ವಾರ ಹಾಗೆಯೇ ಮುದ್ರಿಸಿದ್ದನ್ನು ನೀವು ಕಂಡಿದ್ದೀರಿ. ಇಂದು ಪ್ರಿಂಟ್ ಆದೇಶ ಕೊಟ್ಟಾಗ ತೆರೆಯುವ ಚೌಕಟ್ಟಿನಲ್ಲಿ ‘ಎರಡು ಬದಿ’ ಎಂಬ ಆಯ್ಕೆಯೇ ಇಲ್ಲ. ಹಾಳೆಯ ಅಳತೆಗಳ ಉದ್ದನೆಯ ಪಟ್ಟಿ ಎರಡು ಮೂರಕ್ಕೆ ಇಳಿದಿದೆ. ಹಾಳೆಯನ್ನು ಯಾವ ತಟ್ಟೆಯಿಂದ ಎಳೆದುಕೊಳ್ಳಬೇಕು, ಮಸಿ ಎಷ್ಟು ಗಾಢವಾಗಿರಬೇಕು ಎಂಬ ಆಯ್ಕೆಗಳೂ ಇಲ್ಲ. ಮುದ್ರಣವೇನೋ ಆಗುತ್ತದೆ, ಆದರೆ ಒಂದೇ ಬದಿಗೆ. 240 ಹಾಳೆಗಳಲ್ಲಿ ಮುಗಿಯಬೇಕಾದ ಕೆಲಸಕ್ಕೆ 480 ಹಾಳೆ ಬೇಕು. ಎಂದರೆ 500 ಹಾಳೆಗಳ ಒಂದು ರೀಮು ಬಹುತೇಕ ಖಾಲಿ.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಒಂದು, ಪ್ರಿಂಟರು ಕೆಟ್ಟಿತೆಂದು ಹೊಸದಕ್ಕೆ ಬೇಡಿಕೆ ಸಲ್ಲಿಸುವುದು. ಇನ್ನೊಂದು, ಕಡತವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗುವುದು. ವಿಜಯಪುರದ ಜಲನಗರದಂಥ ಬಡಾವಣೆಯಲ್ಲಿ ಅಂಗಡಿಯ ಗಿರಾಕಿಗಳಲ್ಲಿ ಅರ್ಧಕ್ಕರ್ಧ ವಿದ್ಯಾರ್ಥಿಗಳೇ ಇರುತ್ತಾರೆ. ನಾಳಿನ ಪ್ರಶ್ನೆಪತ್ರಿಕೆಯನ್ನು ಅಂಗಡಿಯ ಕಂಪ್ಯೂಟರಿನಲ್ಲಿ ತೆರೆಯುವುದು ಎಂಥ ಪೇಚು ಎಂಬುದನ್ನು ಅಧ್ಯಾಪಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ವಾಸ್ತವದಲ್ಲಿ ಇಂಥ ಹೆಚ್ಚಿನ ಸಂದರ್ಭಗಳಲ್ಲಿ ಪ್ರಿಂಟರಿನ ಒಂದು ಗಾಲಿಯೂ ಕೆಟ್ಟಿರುವುದಿಲ್ಲ. ಕೆಟ್ಟಿರುವುದು ಕಂಪ್ಯೂಟರಿಗೂ ಪ್ರಿಂಟರಿಗೂ ನಡುವೆ ಇರುವ ಡ್ರೈವರ್ ಎಂಬ ತಂತ್ರಾಂಶ. ಅದು ಏನು, ಅದು ಕೈಕೊಟ್ಟಾಗ ಆಯ್ಕೆಗಳು ಏಕೆ ಮಾಯವಾಗುತ್ತವೆ, ಅವನ್ನು ಮರಳಿ ಪಡೆಯುವುದು ಹೇಗೆ ಎಂಬುದನ್ನು ಈಗ ನೋಡೋಣ.

ಡ್ರೈವರ್ ಎಂದಾಕ್ಷಣ ನಮಗೆ ನೆನಪಾಗುವುದು ಬಸ್ಸು ಓಡಿಸುವವರು. ಇಲ್ಲಿ ಆ ಪದಕ್ಕಿಂತ ದುಭಾಷಿ ಎಂಬ ಪದ ಹೆಚ್ಚು ಹೊಂದುತ್ತದೆ. ಆದಿಲ್‌ಶಾಹಿಗಳ ಕಾಲದಲ್ಲಿ ಇದೇ ಊರಿನಲ್ಲಿ ಫಾರಸಿ, ದಖನಿ, ಮರಾಠಿ, ಕನ್ನಡ ಒಟ್ಟಿಗೆ ಬಳಕೆಯಲ್ಲಿದ್ದವು. ಒಂದು ನುಡಿ ಬಲ್ಲವನ ಮಾತು ಇನ್ನೊಂದು ನುಡಿಯವನಿಗೆ ತಲಪಬೇಕಾದರೆ ನಡುವೆ ಎರಡನ್ನೂ ಬಲ್ಲವನೊಬ್ಬ ಬೇಕಿತ್ತು. ಕಂಪ್ಯೂಟರಿನಲ್ಲಿ ನೀವು ಬರೆದ ಪುಟ ವಿಂಡೋಸಿನ ಭಾಷೆಯಲ್ಲಿದೆ. ಪ್ರಿಂಟರಿಗೆ ತಿಳಿಯುವ ಭಾಷೆ ಬೇರೆ. ಹ್ಯೂಲೆಟ್ ಪ್ಯಾಕರ್ಡ್ ಕಂಪನಿ ರೂಪಿಸಿದ ಪಿಸಿಎಲ್, ಅಡೋಬಿ ಕಂಪನಿ 1980ರ ದಶಕದ ಮಧ್ಯದಲ್ಲಿ ರೂಪಿಸಿದ ಪೋಸ್ಟ್‌ಸ್ಕ್ರಿಪ್ಟ್ ಇವು ಪ್ರಸಿದ್ಧವಾದ ಎರಡು ಪ್ರಿಂಟರ್ ಭಾಷೆಗಳು. ಡ್ರೈವರಿನ ಒಂದು ಕೆಲಸ ಈ ಅನುವಾದ. ಎರಡನೆಯ ಕೆಲಸ ನಮ್ಮ ಗಮನಕ್ಕೆ ಅಷ್ಟಾಗಿ ಬರುವುದಿಲ್ಲ. ಈ ಪ್ರಿಂಟರು ಏನೇನು ಮಾಡಬಲ್ಲದು ಎಂಬುದನ್ನು ಕಂಪ್ಯೂಟರಿಗೆ ತಿಳಿಸುವುದೇ ಆ ಕೆಲಸ. ಪ್ರಿಂಟ್ ಚೌಕಟ್ಟಿನಲ್ಲಿ ನಿಮಗೆ ಕಾಣುವ ಆಯ್ಕೆಗಳು ವಿಂಡೋಸ್ ತಾನಾಗಿ ಬರೆದವುಗಳಲ್ಲ. ಡ್ರೈವರು ಒಪ್ಪಿಸಿದ ಪಟ್ಟಿ ಅದು. ದುಭಾಷಿ ಬದಲಾದರೆ ಪಟ್ಟಿಯೂ ಬದಲಾಗುತ್ತದೆ.

ಅನುವಾದದ ಕೆಲಸ ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ. ಅಂಗುಲಕ್ಕೆ 600 ಚುಕ್ಕಿಗಳಂತೆ ಮುದ್ರಿಸಿದರೆ ಅಡ್ಡಲಾಗಿ ಸುಮಾರು 4,960, ಉದ್ದಕ್ಕೆ ಸುಮಾರು 7,015 ಚುಕ್ಕಿಗಳು. ಒಟ್ಟು ಸುಮಾರು 3 ಕೋಟಿ 48 ಲಕ್ಷ ಚುಕ್ಕಿ. ಪ್ರತಿ ಚುಕ್ಕಿಗೆ ಕಪ್ಪು ಅಥವಾ ಬಿಳಿ ಎಂಬ ಒಂದು ಬಿಟ್ ಸಾಕೆಂದರೂ ಒಂದು ಪುಟಕ್ಕೆ 43 ಲಕ್ಷ ಬೈಟ್‌ಗಳಿಗೂ ಹೆಚ್ಚು. 1984ರಲ್ಲಿ ಬಂದ ಮೊದಲ ಲೇಸರ್‌ಜೆಟ್ ಪ್ರಿಂಟರಿನಲ್ಲಿದ್ದ ಸ್ಮೃತಿ ಕೇವಲ 128 ಕಿಲೋಬೈಟ್. ಅಂಗುಲಕ್ಕೆ 300 ಚುಕ್ಕಿಗಳ ಆ ಪ್ರಿಂಟರಿಗೆ ಒಂದಿಡೀ ಪುಟದ ಚಿತ್ರ ಹಿಡಿಸುವಂತಿರಲಿಲ್ಲ. ಅದು ತನ್ನೊಳಗೇ ಇಟ್ಟುಕೊಂಡಿದ್ದ ಅಕ್ಷರರೂಪಗಳನ್ನು ಹೇಳಿದ ಜಾಗದಲ್ಲಿ ಅಚ್ಚೊತ್ತುತ್ತಿತ್ತು. ‘ಇಂಥ ಅಕ್ಷರ, ಇಂಥ ಜಾಗ’ ಎಂದು ಸಂಕ್ಷೇಪವಾಗಿ ಹೇಳಲು ಪ್ರಿಂಟರಿಗೆ ತನ್ನದೇ ಭಾಷೆ ಬೇಕಾದುದು ಹೀಗೆ. ಅಂದ ಹಾಗೆ, ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳಲ್ಲಿ ಇಂಗ್ಲಿಷು ಸರಸರ ಬರುತ್ತಿದ್ದು, ಕನ್ನಡ ಮಾತ್ರ ನಿಧಾನವಾಗಿ ಬರುತ್ತಿದ್ದುದಕ್ಕೂ ಇದೇ ಕಾರಣ. ಅವುಗಳ ಒಡಲಲ್ಲಿ ಕನ್ನಡದ ಅಕ್ಷರರೂಪ ಇರಲಿಲ್ಲ. ಪ್ರತಿ ಅಕ್ಷರವನ್ನೂ ಚಿತ್ರವಾಗಿಯೇ ಕಳುಹಿಸಬೇಕಾಗಿತ್ತು.

ಈಗ ಮೂಲ ಪ್ರಶ್ನೆಗೆ ಬರೋಣ. ಡ್ರೈವರಿಗೆ ಪ್ರಿಂಟರಿನ ಸಾಮರ್ಥ್ಯದ ಪಟ್ಟಿ ಎಲ್ಲಿಂದ ಸಿಗುತ್ತದೆ?

ಹಳೆಯ ಪದ್ಧತಿಯಲ್ಲಿ ಆ ಪಟ್ಟಿಯನ್ನು ತಯಾರಕರೇ ಡ್ರೈವರಿನ ಕಡತಗಳಲ್ಲಿ ಬರೆದಿಟ್ಟಿರುತ್ತಾರೆ. ಕೇಬಲ್ ಜೋಡಿಸಿದಾಗ ಪ್ರಿಂಟರು ತನ್ನ ತಯಾರಕರು ಯಾರು, ಮಾದರಿ ಯಾವುದು, ತನಗೆ ಯಾವ ಭಾಷೆ ಬರುತ್ತದೆ ಎಂಬುದನ್ನು ಒಂದು ಸಾಲಿನಲ್ಲಿ ತಿಳಿಸುತ್ತದೆ. ಅದನ್ನು ಓದಿ ವಿಂಡೋಸ್ ತಕ್ಕ ಡ್ರೈವರನ್ನು ಹುಡುಕಿ ಜೋಡಿಸುತ್ತದೆ. ತಕ್ಕದ್ದು ಸಿಗದಿದ್ದರೆ ತಾಳೆಯಾಗುವ ಬೇರೊಂದನ್ನು, ಎಂದರೆ ಎಲ್ಲರಿಗೂ ಅಷ್ಟಿಷ್ಟು ಒಗ್ಗುವ ಸಾಮಾನ್ಯ ಡ್ರೈವರನ್ನು ಹಾಕಿಕೊಳ್ಳುತ್ತದೆ. ಸಾಮಾನ್ಯ ಡ್ರೈವರಿಗೆ ಸಾಮಾನ್ಯ ಸಂಗತಿಗಳಷ್ಟೇ ಗೊತ್ತು.

ಹೊಸ ಪದ್ಧತಿ ಬೇರೆ. 1990ರ ದಶಕದ ಕೊನೆಯಲ್ಲಿ ರೂಪುಗೊಂಡ ಐಪಿಪಿ ಎಂಬ ನಿಯಮಾವಳಿಯಲ್ಲಿ ಕಂಪ್ಯೂಟರು ನೇರವಾಗಿ ಪ್ರಿಂಟರನ್ನೇ ಕೇಳುತ್ತದೆ. ನೀನು ಎಷ್ಟು ಬದಿಗೆ ಮುದ್ರಿಸಬಲ್ಲೆ? ಯಾವ ಯಾವ ಅಳತೆಯ ಹಾಳೆ? ಬಣ್ಣವಿದೆಯೋ ಇಲ್ಲವೋ? ಪ್ರಿಂಟರು ಕೊಟ್ಟ ಉತ್ತರವೇ ಪಟ್ಟಿಯಾಗುತ್ತದೆ. ಪ್ರತಿ ಮಾದರಿಗೂ ಪ್ರತ್ಯೇಕ ಡ್ರೈವರು ಬೇಕಾಗಿಲ್ಲ. ಕೇಳಲು ಸೊಗಸಾಗಿದೆ. ಆದರೆ ಪ್ರಶ್ನೆ ಕೇಳುವ ಹೊತ್ತಿನಲ್ಲಿ ಪ್ರಿಂಟರು ನಿದ್ದೆ ಮಾಡುತ್ತಿದ್ದರೆ, ವೈಫೈ ಕಡಿದುಹೋಗಿದ್ದರೆ, ಕರೆಂಟು ಹೋಗಿದ್ದರೆ ಏನಾಗಬೇಕು?

ಹೀಗೊಂದು ಪ್ರಸಂಗ 2022ರಲ್ಲಿ ಜಗತ್ತಿನಾದ್ಯಂತ ನಡೆಯಿತು. ವಿಂಡೋಸ್ 11ರ ಆ ವರ್ಷದ ಆವೃತ್ತಿ ಬಿಡುಗಡೆಯಾದ ಹೊಸದರಲ್ಲಿ ಮೈಕ್ರೋಸಾಫ್ಟ್ ಒಂದು ದೋಷವನ್ನು ಒಪ್ಪಿಕೊಂಡಿತು. ಮೈಕ್ರೋಸಾಫ್ಟ್‌ನದೇ ಐಪಿಪಿ ಡ್ರೈವರು ಬಳಸುವ ಕೆಲವು ಪ್ರಿಂಟರುಗಳನ್ನು ಜೋಡಿಸುವಾಗ ಸಂಪರ್ಕದಲ್ಲಿ ತೊಡಕಾಗಿದ್ದರೆ, ಪ್ರಿಂಟರಿನಿಂದ ಉತ್ತರ ಪೂರ್ಣವಾಗಿ ಬರುತ್ತಿರಲಿಲ್ಲ. ಆಗ ವಿಂಡೋಸ್ ಮೂಲ ಆಯ್ಕೆಗಳನ್ನಷ್ಟೇ ಇಟ್ಟುಕೊಂಡು ಕೆಲಸ ಮುಗಿಸಿಬಿಡುತ್ತಿತ್ತು. ಸಂಪರ್ಕ ಸರಿಹೋದ ಮೇಲೂ ಮರಳಿ ಕೇಳುತ್ತಿರಲಿಲ್ಲ. ಪರಿಣಾಮವಾಗಿ ಬಣ್ಣ, ಎರಡು ಬದಿಯ ಮುದ್ರಣ, ಹಾಳೆಯ ಅಳತೆ, ಹೆಚ್ಚಿನ ಸ್ಫುಟತೆ ಇವೆಲ್ಲ ಇದ್ದೂ ಇಲ್ಲದಂತಾದವು. ಇಂಥ ಪ್ರಿಂಟರುಗಳಿದ್ದ ಕಂಪ್ಯೂಟರುಗಳಿಗೆ ಹೊಸ ಆವೃತ್ತಿ ತಲಪದಂತೆ ಕಂಪನಿಯೇ ತಾತ್ಕಾಲಿಕವಾಗಿ ತಡೆಹಿಡಿಯಿತು. ಅದು ಸೂಚಿಸಿದ ಮೊದಲ ಉಪಾಯವೆಂದರೆ ಪ್ರಿಂಟರನ್ನು ತೆಗೆದುಹಾಕಿ ಮತ್ತೆ ಜೋಡಿಸುವುದು. ಕಾರಣ ತಿಳಿದಿದ್ದರೆ ಈ ಉಪಾಯ ಮಂತ್ರದಂತೆ ಕಾಣುವುದಿಲ್ಲ. ಹೊಸದಾಗಿ ಜೋಡಿಸಿದಾಗ ಪ್ರಶ್ನೆಗಳನ್ನು ಹೊಸದಾಗಿ ಕೇಳಲಾಗುತ್ತದೆ, ಅಷ್ಟೆ. ಹಾಗಾಗಿ ಮರುಜೋಡಣೆಗೆ ಮುನ್ನ ಪ್ರಿಂಟರು ಎಚ್ಚರವಾಗಿದೆಯೇ, ಅದರ ವೈಫೈ ದೀಪ ಸ್ಥಿರವಾಗಿ ಉರಿಯುತ್ತಿದೆಯೇ ನೋಡಿಕೊಳ್ಳಿ. ಇದನ್ನು ನೋಡದೆ ಹತ್ತು ಸಲ ತೆಗೆದು ಹಾಕಿದರೂ ಹತ್ತು ಸಲ ಅದೇ ಫಲ.

ಮರುವರ್ಷ ಡಿಸೆಂಬರಿನಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಅನೇಕ ಕಂಪ್ಯೂಟರುಗಳಲ್ಲಿ ಪ್ರಿಂಟರುಗಳ ಹೆಸರೇ ಬದಲಾಗಿ, ಬೇರೆ ಕಂಪನಿಯ ಯಂತ್ರಗಳಿಗೂ ಹ್ಯೂಲೆಟ್ ಪ್ಯಾಕರ್ಡ್‌ನ ಒಂದು ಲೇಸರ್‌ಜೆಟ್ ಮಾದರಿಯ ಹೆಸರು ಅಂಟಿಕೊಂಡಿತು. ಡ್ರೈವರಿನ ಜೊತೆ ಬರುವ ವಿವರಪಟ್ಟಿಯಲ್ಲಿ ಆದ ಗೊಂದಲ ಅದು. ಅದನ್ನು ಸರಿಪಡಿಸಲು ಮೈಕ್ರೋಸಾಫ್ಟ್ ಪ್ರತ್ಯೇಕ ಉಪಕರಣವೊಂದನ್ನೇ ಹೊರತಂದಿತು. ಹೆಸರನ್ನು ನಂಬಿ ಡ್ರೈವರ್ ಹುಡುಕಬಾರದು, ಯಂತ್ರದ ಮೈಮೇಲೆ ಅಂಟಿಸಿದ ಚೀಟಿಯನ್ನು ಓದಿ ಹುಡುಕಬೇಕು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಹಾಗಾದರೆ ಪತ್ತೆ ಹಚ್ಚುವುದು ಎಲ್ಲಿಂದ? ಪ್ರಯೋಗಶಾಲೆಯಲ್ಲಿ ನಾವು ಮಕ್ಕಳಿಗೆ ಹೇಳುವ ಮಾತನ್ನೇ ಇಲ್ಲಿ ಪಾಲಿಸಬೇಕು: ಒಂದು ಸಲಕ್ಕೆ ಒಂದೇ ಚರವನ್ನು ಬದಲಿಸಿ. ಡ್ರೈವರ್, ಕೇಬಲ್, ಪೋರ್ಟ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಪ್ರಿಂಟರು ಸರಿಹೋಗಬಹುದು, ಆದರೆ ಏಕೆ ಸರಿಹೋಯಿತೆಂದು ತಿಳಿಯುವುದಿಲ್ಲ. ಮುಂದಿನ ತಿಂಗಳು ಅದೇ ತೊಂದರೆ ಬಂದಾಗ ಮತ್ತೆ ಮೊದಲಿನಿಂದ ಶುರು.

ಮೊದಲು ಕಂಪ್ಯೂಟರನ್ನೇ ಪ್ರಯೋಗದಿಂದ ಹೊರಗಿಡಿ. ಹೆಚ್ಚಿನ ಲೇಸರ್ ಪ್ರಿಂಟರುಗಳು ತಮ್ಮ ಸ್ಥಿತಿಗತಿಯ ಪುಟವೊಂದನ್ನು ತಾವೇ ಮುದ್ರಿಸಬಲ್ಲವು. ಫಲಕದ ಮೆನುವಿನಲ್ಲೋ ಒಂದು ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೋ ಅದು ಬರುತ್ತದೆ. ಯಾವ ಗುಂಡಿ ಎಂಬುದು ಕೈಪಿಡಿಯಲ್ಲಿರುತ್ತದೆ. ಆ ಪುಟದಲ್ಲಿ ಸ್ಮೃತಿ ಎಷ್ಟು, ಡುಪ್ಲೆಕ್ಸ್ ಘಟಕ ಇದೆಯೇ, ಯಾವ ಭಾಷೆಗಳು ಬರುತ್ತವೆ ಎಂಬ ವಿವರ ಇರುತ್ತದೆ. ಹಾಳೆಯನ್ನು ಮಗುಚಿ ಹಾಕುವ ಡುಪ್ಲೆಕ್ಸ್ ಘಟಕವನ್ನೇ ಪ್ರಿಂಟರು ಗುರುತಿಸದಿದ್ದರೆ ಡ್ರೈವರನ್ನು ದೂಷಿಸಿ ಫಲವಿಲ್ಲ, ಹಿಂಬದಿಯ ಬಾಗಿಲು ಸರಿಯಾಗಿ ಮುಚ್ಚಿದೆಯೇ ನೋಡಿ. ಪುಟದಲ್ಲಿ ಘಟಕದ ಹೆಸರಿದ್ದು, ಕಂಪ್ಯೂಟರಿನಲ್ಲಿ ಮಾತ್ರ ಆಯ್ಕೆ ಇಲ್ಲವೆಂದರೆ ದೋಷ ಈಚೆ ಬದಿಗಿದೆ ಎಂದು ನಿಶ್ಚಯವಾಯಿತು.

ಎರಡನೆಯದಾಗಿ, ಬೇರೆ ಬೇರೆ ತಂತ್ರಾಂಶಗಳಿಂದ ಪ್ರಯತ್ನಿಸಿ. ಬ್ರೌಸರಿನ ಮುದ್ರಣ ಚೌಕಟ್ಟು ಎಲ್ಲ ಆಯ್ಕೆಗಳನ್ನೂ ತೋರಿಸುವುದಿಲ್ಲ. ವರ್ಡಿನಲ್ಲಿ ‘ಪ್ರಿಂಟರ್ ಪ್ರಾಪರ್ಟೀಸ್’ ಒತ್ತಿದಾಗ ತೆರೆಯುವುದೇ ಡ್ರೈವರಿನ ಸ್ವಂತ ಚೌಕಟ್ಟು. ಅಲ್ಲಿಯೂ ಇಲ್ಲದಿದ್ದರೆ ಮಾತ್ರ ಆಯ್ಕೆ ಕಳೆದಿದೆ ಎನ್ನಬಹುದು.

ಮೂರನೆಯ ಜಾಗವನ್ನು ಹಲವರು ನೋಡುವುದೇ ಇಲ್ಲ. ವಿಂಡೋಸ್ 11ರಲ್ಲಿ ಸೆಟಿಂಗ್ಸ್, ಅಲ್ಲಿಂದ ‘ಬ್ಲೂಟೂತ್ ಅಂಡ್ ಡಿವೈಸಸ್’, ಅಲ್ಲಿಂದ ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ಗೆ ಹೋಗಿ ನಿಮ್ಮ ಪ್ರಿಂಟರನ್ನು ಆರಿಸಿ, ‘ಪ್ರಿಂಟರ್ ಪ್ರಾಪರ್ಟೀಸ್’ ತೆರೆಯಿರಿ. ಅಲ್ಲಿ ‘ಡಿವೈಸ್ ಸೆಟಿಂಗ್ಸ್’ ಎಂಬ ಪುಟವಿದ್ದು, ಅದರ ಕೆಳಭಾಗದಲ್ಲಿ ಪ್ರಿಂಟರಿಗೆ ಸೇರಿಸಬಹುದಾದ ಭಾಗಗಳ ಪಟ್ಟಿ ಇರುತ್ತದೆ. ಡುಪ್ಲೆಕ್ಸ್ ಘಟಕದ ಮುಂದೆ ‘ನಾಟ್ ಇನ್‌ಸ್ಟಾಲ್ಡ್’ ಎಂದಿದ್ದರೆ ಡ್ರೈವರು ಆ ಆಯ್ಕೆಯನ್ನು ಮುಚ್ಚಿಡುತ್ತದೆ. ಅದನ್ನು ‘ಇನ್‌ಸ್ಟಾಲ್ಡ್’ ಎಂದು ಬದಲಿಸಿದ ಕ್ಷಣವೇ ಆಯ್ಕೆ ಮರಳುವುದುಂಟು. ಇದೊಂದೇ ತಿದ್ದುಪಡಿಯಿಂದ ಉಳಿದುಕೊಳ್ಳುವ ಪ್ರಿಂಟರುಗಳು ಕಡಿಮೆಯಿಲ್ಲ ಎಂಬುದು ನನ್ನ ಅನಿಸಿಕೆ. ಪಕ್ಕದ ‘ಪೋರ್ಟ್ಸ್’ ಪುಟದಲ್ಲಿ ಎರಡೂ ದಿಕ್ಕಿನ ಸಂವಹನಕ್ಕೆ ಸಂಬಂಧಿಸಿದ ಗುರುತು ಇರುತ್ತದೆ. ಅದು ತೆಗೆದುಹೋಗಿದ್ದರೆ ಕಂಪ್ಯೂಟರು ಹೇಳಿದ್ದು ಪ್ರಿಂಟರಿಗೆ ಕೇಳುತ್ತದೆ, ಪ್ರಿಂಟರು ಹೇಳಿದ್ದು ಕಂಪ್ಯೂಟರಿಗೆ ಕೇಳುವುದಿಲ್ಲ. ಜಾಲದ ಮೂಲಕ ಜೋಡಿಸಿದ ಪ್ರಿಂಟರಾದರೆ ಇನ್ನೊಂದು ಸಾಧ್ಯತೆಯಿದೆ. ಕರೆಂಟು ಹೋಗಿ ಬಂದಾಗ ರೌಟರು ಅದಕ್ಕೆ ಬೇರೆ ವಿಳಾಸ ಕೊಟ್ಟಿರಬಹುದು. ಕಂಪ್ಯೂಟರು ಹಳೆಯ ವಿಳಾಸದ ಬಾಗಿಲನ್ನೇ ಬಡಿಯುತ್ತಿರುತ್ತದೆ. ರೌಟರಿನಲ್ಲಿ ಪ್ರಿಂಟರಿಗೆ ಒಂದು ಸ್ಥಿರ ವಿಳಾಸ ಕಾಯ್ದಿರಿಸಿದರೆ ಈ ಕಾಟ ತಪ್ಪುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ ‘ಅಡ್ವಾನ್ಸ್ಡ್’ ಪುಟದಲ್ಲಿ ಡ್ರೈವರಿನ ಹೆಸರು ಓದಿ. ನಿಮ್ಮ ಮಾದರಿಯ ಹೆಸರಿಗೆ ಬದಲಾಗಿ ‘ಐಪಿಪಿ ಕ್ಲಾಸ್ ಡ್ರೈವರ್’ ಎಂದೋ ‘ಜೆನೆರಿಕ್’ ಎಂದೋ ಇದ್ದರೆ ದುಭಾಷಿ ಬದಲಾಗಿದ್ದಾನೆ ಎಂದರ್ಥ. ವಿಂಡೋಸ್ ಅಪ್‌ಡೇಟ್ ಆದ ಮರುದಿನ ಹೀಗಾಗುವುದು ಹೆಚ್ಚು. ಆಗ ಮರುಜೋಡಣೆಯೇ ದಾರಿ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಪಟ್ಟಿಯಿಂದ ಪ್ರಿಂಟರನ್ನು ಅಳಿಸಿದರೆ ಅದರ ಹೆಸರು ಹೋಗುತ್ತದೆ, ಡ್ರೈವರು ಹೋಗುವುದಿಲ್ಲ. ಅದು ವಿಂಡೋಸಿನ ಉಗ್ರಾಣದಲ್ಲಿ ಹಾಗೆಯೇ ಕುಳಿತಿದ್ದು, ನೀವು ಮತ್ತೆ ಜೋಡಿಸಿದಾಗ ಅದೇ ಎದ್ದುಬರುತ್ತದೆ. ‘ಪ್ರಿಂಟ್ ಸರ್ವರ್ ಪ್ರಾಪರ್ಟೀಸ್’ ಎಂಬಲ್ಲಿ ‘ಡ್ರೈವರ್ಸ್’ ಪುಟ ತೆರೆದು, ಡ್ರೈವರನ್ನೂ ಅದರ ಪ್ಯಾಕೇಜನ್ನೂ ತೆಗೆಯುವ ಆಯ್ಕೆ ಒತ್ತಬೇಕು. ‘ಬಳಕೆಯಲ್ಲಿದೆ’ ಎಂದು ಅದು ನಿರಾಕರಿಸಿದರೆ ‘ಪ್ರಿಂಟ್ ಸ್ಪೂಲರ್’ ಸೇವೆಯನ್ನು ನಿಲ್ಲಿಸಿ ಪುನಃ ಆರಂಭಿಸಿ, ಕೂಡಲೇ ಪ್ರಯತ್ನಿಸಿ. ಮುದ್ರಣಕ್ಕೆ ಬಂದ ಕೆಲಸಗಳನ್ನು ಸರತಿಯಲ್ಲಿ ನಿಲ್ಲಿಸುವ ಸೇವೆಯೇ ಸ್ಪೂಲರ್. ಆಮೇಲೆ ಯುಎಸ್‌ಬಿ ಕೇಬಲ್ ಕಿತ್ತಿಟ್ಟು ಹೊಸ ಡ್ರೈವರನ್ನು ಹಾಕಿ, ಅದು ಕೇಳಿದಾಗ ಮಾತ್ರ ಕೇಬಲ್ ಚುಚ್ಚಿ. ಮೊದಲೇ ಚುಚ್ಚಿದರೆ ವಿಂಡೋಸ್ ಅವಸರಪಟ್ಟು ತನ್ನದನ್ನೇ ತುರುಕಬಹುದು. ಹೊಸ ಡ್ರೈವರು ನಿಮ್ಮ ವಿಂಡೋಸಿಗೆ ಹೊಂದಬೇಕು ಎಂಬುದೂ ನೆನಪಿರಲಿ. ವಿಂಡೋಸ್ 11 ಕೇವಲ 64 ಬಿಟ್‌ನದು. ಹಳೆಯ ಪ್ರಿಂಟರಿನೊಡನೆ ಬಂದ ಸಿಡಿಯಲ್ಲಿ 32 ಬಿಟ್ ಡ್ರೈವರಷ್ಟೇ ಇದ್ದರೆ ಅದು ಇಲ್ಲಿ ಉಪಯೋಗಕ್ಕೆ ಬಾರದು.

ಡ್ರೈವರನ್ನು ಎಲ್ಲಿಂದ ತರಬೇಕು? ತಯಾರಕರ ಜಾಲತಾಣದಿಂದ ಮಾತ್ರ. ಮಾದರಿಯ ಹೆಸರು ಹಾಕಿ ಹುಡುಕಿದರೆ ಮೊದಲು ಕಾಣಿಸಿಕೊಳ್ಳುವ ‘ಉಚಿತ ಡ್ರೈವರ್’ ತಾಣಗಳಲ್ಲಿ ಹಲವು ಮೋಸದವು. ಪ್ರಿಂಟರಿನ ಡ್ರೈವರನ್ನು ಕಂಪ್ಯೂಟರಿನ ಆಡಳಿತಗಾರನ ಅಧಿಕಾರದಲ್ಲಿ ಸ್ಥಾಪಿಸುತ್ತೇವಾದ್ದರಿಂದ, ಡ್ರೈವರಿನ ವೇಷದಲ್ಲಿ ಬಂದದ್ದು ಏನನ್ನಾದರೂ ಮಾಡಬಲ್ಲದು. ಇದು ಕಲ್ಪನೆಯ ಭಯವಲ್ಲ. 2021ರ ಮಧ್ಯಭಾಗದಲ್ಲಿ ಬಯಲಾದ ‘ಪ್ರಿಂಟ್‌ನೈಟ್‌ಮೇರ್’ ಎಂಬ ದೌರ್ಬಲ್ಯ ಸ್ಪೂಲರ್ ಸೇವೆಯಲ್ಲೇ ಇತ್ತು. ಅದರ ಮೂಲಕ ಹೊರಗಿನವರು ಕಂಪ್ಯೂಟರಿನ ಪೂರ್ಣ ಹಿಡಿತ ಪಡೆಯಬಹುದಾಗಿತ್ತು. ಅದನ್ನು ಮುಚ್ಚಲು ಆ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ಒಂದು ನಿಯಮ ತಂದಿತು: ಸರ್ವರಿನಿಂದ ಪ್ರಿಂಟರ್ ಡ್ರೈವರನ್ನು ಹಾಕಿಕೊಳ್ಳಲು, ನವೀಕರಿಸಲು ಆಡಳಿತಗಾರನ ಅನುಮತಿ ಬೇಕು. ಕಾಲೇಜಿನ ಗಣಕ ಪ್ರಯೋಗಶಾಲೆಯಲ್ಲಿ ಸರ್ವರಿನ ಡ್ರೈವರ್ ಬದಲಾಗಿ, ವಿದ್ಯಾರ್ಥಿಗಳ ಕಂಪ್ಯೂಟರುಗಳಲ್ಲಿ ಹಳೆಯದೇ ಉಳಿದು, ಆಯ್ಕೆಗಳು ತಾಳೆಯಾಗದಿರುವುದಕ್ಕೆ ಈ ನಿಯಮ ಕಾರಣವಾಗಿರಬಹುದು. ಅದನ್ನು ತಪ್ಪಿಸಿ ಹೋಗುವ ಉಪಾಯ ಹುಡುಕದೆ, ಆಡಳಿತಗಾರರ ಖಾತೆಯಿಂದಲೇ ಎಲ್ಲೆಡೆ ಒಂದೇ ಡ್ರೈವರ್ ಹಾಕಿಸುವುದು ಸರಿ.

ಡ್ರೈವರು ಸರಿಯಿದ್ದೂ ಆಯ್ಕೆಗಳು ಎಡವಟ್ಟಾಗುವುದುಂಟು. ನೀವು ಆರಿಸಿದ ಅಳತೆ, ಬದಿ, ಬಣ್ಣ ಇತ್ಯಾದಿಗಳನ್ನು ವಿಂಡೋಸ್ ‘ಡೆವ್‌ಮೋಡ್’ ಎಂಬ ಒಂದು ಕಟ್ಟಿನಲ್ಲಿ ಬರೆದಿಡುತ್ತದೆ. ಅದರ ಮೊದಲ ಭಾಗ ಎಲ್ಲ ಡ್ರೈವರುಗಳಿಗೂ ಸಮಾನ. ಎರಡನೆಯ ಭಾಗ ಆಯಾ ಡ್ರೈವರಿನ ಖಾಸಗಿ ಬರಹ. ಡ್ರೈವರ್ ಬದಲಾದಾಗ ಹಳೆಯ ಖಾಸಗಿ ಬರಹ ಹೊಸದಕ್ಕೆ ಅರ್ಥವಾಗುವುದಿಲ್ಲ. ಅದಲ್ಲದೆ ‘ಪ್ರಿಂಟಿಂಗ್ ಡಿಫಾಲ್ಟ್ಸ್’ ಎಲ್ಲ ಬಳಕೆದಾರರಿಗೂ ಆರಂಭದಲ್ಲಿ ಸಿಗುವ ಆಯ್ಕೆ, ‘ಪ್ರಿಂಟಿಂಗ್ ಪ್ರಿಫರೆನ್ಸಸ್’ ನಿಮ್ಮೊಬ್ಬರ ಖಾತೆಗೆ ಸೇರಿದ್ದು. ಗುಮಾಸ್ತರ ಖಾತೆಯಲ್ಲಿ ಸರಿಯಾಗಿ ಬರುವುದು ನಿಮ್ಮ ಖಾತೆಯಲ್ಲಿ ಬಾರದಿದ್ದರೆ ಡ್ರೈವರನ್ನು ಕೀಳಬೇಡಿ. ನಿಮ್ಮ ಪ್ರಿಫರೆನ್ಸಸ್ ತಿದ್ದಿದರೆ ಸಾಕು.

ಹಾಳೆಯ ಅಳತೆಯ ಗೊಂದಲಕ್ಕೆ ಇನ್ನೊಂದು ಮೂಲವಿದೆ. ವಿಂಡೋಸಿನ ಪ್ರದೇಶ ‘ಅಮೆರಿಕ’ ಎಂದಿದ್ದರೆ ಪೂರ್ವನಿಶ್ಚಿತ ಹಾಳೆ ‘ಲೆಟರ್’ ಆಗುತ್ತದೆ. ಅದು 216 ಮಿಲಿಮೀಟರ್ ಅಗಲ, 279 ಮಿಲಿಮೀಟರ್ ಉದ್ದ. ನಮ್ಮ ತಟ್ಟೆಯಲ್ಲಿರುವುದು ಎ4. ಪ್ರಿಂಟರು ಲೆಟರ್ ಹಾಳೆಗಾಗಿ ಕಾಯುತ್ತ ನಿಂತುಬಿಡುತ್ತದೆ. ಹಳೆಯ ಲೇಸರ್‌ಜೆಟ್‌ಗಳ ಫಲಕದಲ್ಲಿ ‘ಪಿಸಿ ಲೋಡ್ ಲೆಟರ್’ ಎಂಬ ಸಂದೇಶ ಬಂದು ಎಷ್ಟೋ ಜನ ಕಕ್ಕಾಬಿಕ್ಕಿಯಾದದ್ದುಂಟು. ಅಲ್ಲಿ ಪಿಸಿ ಎಂದರೆ ಕಂಪ್ಯೂಟರಲ್ಲ, ಹಾಳೆಯ ತಟ್ಟೆ. ತಟ್ಟೆಗೆ ಲೆಟರ್ ಹಾಳೆ ಹಾಕಿ ಎಂದಷ್ಟೇ ಅದರ ಬೇಡಿಕೆ. ಪ್ರದೇಶವನ್ನು ‘ಭಾರತ’ ಎಂದು ಬದಲಿಸಿ, ಡ್ರೈವರಿನಲ್ಲೂ ಪ್ರಿಂಟರಿನ ಫಲಕದಲ್ಲೂ ಎ4 ಆರಿಸಿದರೆ ಮುಗಿಯಿತು.

ಕನ್ನಡ ಅಕ್ಷರಗಳ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳು ಮುದ್ರಿತವಾದರೆ ಮಾತ್ರ ಡ್ರೈವರಿನ ಮೇಲೆ ಥಟ್ಟನೆ ತಪ್ಪು ಹೊರಿಸಬೇಡಿ. ನುಡಿ ತಂತ್ರಾಂಶದ ಹಳೆಯ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ರೂಪಗಳನ್ನು ಕೂರಿಸಿದಂಥವು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಪರದೆಯ ಮೇಲೂ ಅದೇ ಗೋಜಲು ಕಾಣುತ್ತದೆ. ಪರದೆಯ ಮೇಲೆ ಕನ್ನಡ ಸರಿಯಿದ್ದು ಹಾಳೆಯಲ್ಲಿ ಮಾತ್ರ ಕೆಟ್ಟಿದ್ದರೆ ಆಗ ಡ್ರೈವರನ್ನು ಶಂಕಿಸಬಹುದು. ಪಿಡಿಎಫ್ ಓದುವ ತಂತ್ರಾಂಶದಲ್ಲಿ ‘ಪ್ರಿಂಟ್ ಆ್ಯಸ್ ಇಮೇಜ್’ ಆರಿಸಿದರೆ ಪುಟವಿಡೀ ಚಿತ್ರವಾಗಿ ಹೋಗುವುದರಿಂದ ಅಕ್ಷರ ಕೆಡುವುದಿಲ್ಲ. ಸಮಯ ತುಸು ಹೆಚ್ಚು ಹಿಡಿಯುತ್ತದೆ, ಏಕೆಂದು ಮೇಲಿನ ಲೆಕ್ಕದಿಂದ ನಿಮಗೆ ಗೊತ್ತು.

ಲಿನಕ್ಸ್ ಬಳಸುವವರ ಪಾಡು ಬೇರೆಯೇ. ಪ್ರಿಂಟರ್ ಡ್ರೈವರಿಗೂ ಮುಕ್ತ ತಂತ್ರಾಂಶಕ್ಕೂ ಹಳೆಯ ನಂಟಿದೆ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಶಾಲೆಗೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರೊಂದು ಬಂತು. ಹಾಳೆ ಸಿಕ್ಕಿಕೊಂಡಾಗ ಎಲ್ಲರಿಗೂ ಸೂಚನೆ ಹೋಗುವಂತೆ ಅದರ ತಂತ್ರಾಂಶವನ್ನು ತಿದ್ದಲು ರಿಚರ್ಡ್ ಸ್ಟಾಲ್ಮನ್ ಬಯಸಿದರು. ಮೂಲಸಂಕೇತ ಅವರಿಗೆ ಸಿಗಲಿಲ್ಲ. ಆ ಅಸಮಾಧಾನವೂ ಸೇರಿ 1983ರಲ್ಲಿ ಗ್ನು ಯೋಜನೆಯ ಘೋಷಣೆಯಾಯಿತು. ಇಂದು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ ಕೇರಳದ ಸರಕಾರಿ ಶಾಲೆಗಳಲ್ಲಿ ಗ್ನು/ಲಿನಕ್ಸ್ ಬಳಕೆಯಲ್ಲಿದೆ. ಅಲ್ಲಿ ಮುದ್ರಣ ನಡೆಯುವುದು ‘ಕಪ್ಸ್’ ಎಂಬ ವ್ಯವಸ್ಥೆಯ ಮೂಲಕ. ಪ್ರಿಂಟರಿನ ಸಾಮರ್ಥ್ಯವನ್ನು ಪಿಪಿಡಿ ಎಂಬ ಸಾದಾ ಪಠ್ಯಕಡತದಲ್ಲಿ ಬರೆದಿಡುವ ಪದ್ಧತಿ ಅದರಲ್ಲಿ ಬಹುಕಾಲ ನಡೆದುಬಂದಿದೆ. ಆ ಕಡತವನ್ನು ಯಾವ ಪಠ್ಯಸಂಪಾದಕದಲ್ಲಾದರೂ ತೆರೆದು ಓದಬಹುದು. ಡುಪ್ಲೆಕ್ಸ್ ಎಂಬ ಸಾಲು ಇದೆಯೇ ಇಲ್ಲವೇ ಎಂದು ಕಣ್ಣಾರೆ ನೋಡಬಹುದು. ಆಯ್ಕೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಮುಂದೆ ಹೇಗೆ? ಬೇರೆ ಕಂಪನಿಗಳ ಪ್ರಿಂಟರ್ ಡ್ರೈವರುಗಳಿಗೆ ಕೊಡುವ ಬೆಂಬಲವನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. 2024ರ ವಿಂಡೋಸ್ 11 ಆವೃತ್ತಿಯಲ್ಲಿ ಬಂದ ‘ಪ್ರೊಟೆಕ್ಟೆಡ್ ಪ್ರಿಂಟ್’ ಎಂಬ ಆಯ್ಕೆಯನ್ನು ಚಾಲೂ ಮಾಡಿದರೆ ಅಂಥ ಡ್ರೈವರುಗಳು ಕೆಲಸ ಮಾಡುವುದೇ ಇಲ್ಲ. ಹಳೆಯ ಪ್ರಿಂಟರಿರುವವರು ಸದ್ಯಕ್ಕೆ ಅದನ್ನು ಮುಟ್ಟದಿರುವುದು ಲೇಸು. ಹೊಸ ಪ್ರಿಂಟರು ಕೊಳ್ಳುವವರು ಐಪಿಪಿ ಅಥವಾ ಮೋಪ್ರಿಯಾ ಬೆಂಬಲವಿದೆಯೇ ಎಂದು ಕೇಳಿ ಕೊಳ್ಳಬೇಕು.

ತಯಾರಕರು ಕೈಬಿಟ್ಟ ಹಳೆಯ ಪ್ರಿಂಟರನ್ನು ಗುಜರಿಗೆ ಹಾಕುವ ಮುನ್ನ ಅದರ ಸ್ಥಿತಿಗತಿಯ ಪುಟವನ್ನು ಇನ್ನೊಮ್ಮೆ ಓದಿ. ಭಾಷೆಗಳ ಸಾಲಿನಲ್ಲಿ ಪಿಸಿಎಲ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಎಂದಿದ್ದರೆ ಅದೇ ಕಂಪನಿಯ ‘ಯೂನಿವರ್ಸಲ್’ ಡ್ರೈವರ್ ಹಾಕಿ, ಡಿವೈಸ್ ಸೆಟಿಂಗ್ಸ್‌ನಲ್ಲಿ ಡುಪ್ಲೆಕ್ಸ್ ಘಟಕವನ್ನು ಕೈಯಾರೆ ಗುರುತುಮಾಡಿ ನೋಡಬಹುದು. ‘ಹೋಸ್ಟ್ ಬೇಸ್ಡ್’ ಎಂದೋ ‘ಜಿಡಿಐ’ ಎಂದೋ ಇದ್ದರೆ ಆ ಪ್ರಿಂಟರಿಗೆ ಸ್ವಂತ ಬುದ್ಧಿ ಕಡಿಮೆ, ಚುಕ್ಕಿಗಳ ಲೆಕ್ಕವನ್ನೆಲ್ಲ ಕಂಪ್ಯೂಟರೇ ಮಾಡಿಕೊಡಬೇಕು. ಅದಕ್ಕೆ ಅದರದೇ ಡ್ರೈವರಿಲ್ಲದೆ ನಡೆಯುವುದಿಲ್ಲ. ಆದರೂ ಅಂಥ ಹಲವು ಮಾದರಿಗಳಿಗೆ ಲಿನಕ್ಸಿನಲ್ಲಿ ಸ್ವಯಂಸೇವಕರು ಬರೆದ ಡ್ರೈವರುಗಳಿವೆ. ಮೂಲೆಯಲ್ಲಿ ದೂಳು ತಿನ್ನುತ್ತಿರುವ ಹಳೆಯ ಕಂಪ್ಯೂಟರೊಂದಕ್ಕೆ ಲಿನಕ್ಸ್ ಹಾಕಿ, ಪ್ರಿಂಟರನ್ನು ಅದಕ್ಕೆ ಜೋಡಿಸಿ, ಜಾಲದ ಮೂಲಕ ಉಳಿದ ಕಂಪ್ಯೂಟರುಗಳಿಗೆ ಹಂಚಬಹುದು.